ಛತ್ರಿಯ ಅಂಗಿ

"ಇಳಿಸ್ರೀ, ಕೆಳಗ ಇಳಿಸ್ರೀ! ಇಲ್ಲಿ ಬರೇ ಗೆರಿ ಬರಾಕ ಹತ್ಯಾವ!" ಎಂದು ಬಂಡಿಯ ಒಳಗಿನಿಂದ ಪ್ರಶಾಂತಿ ಕೂಗಿದಳು.

ಭೀಮಶಂಕರನಿಗೆ ಅದು ಕೇಳಿಸಲಿಲ್ಲ. ಅವನು ಬಂಡಿಯ ನೆತ್ತಿಯ ಮೇಲೆ ಮಂಡಿಯೂರಿ ಬಿಳಿ ಡಿಶ್ ಛತ್ರಿಯನ್ನು ಎರಡೂ ತೋಳುಗಳಿಂದ ಅಪ್ಪಿಕೊಂಡಿದ್ದ. ಗಾಳಿ ಅವನ ಅಂಗಿಯನ್ನು ಬೆನ್ನಿನಿಂದ ಎತ್ತಿ ತಲೆಯ ಮೇಲೆ ಹಾಕಿತ್ತು. ತೆಲುಗು ಸೀಮೆಯ ಗಡಿಯೂರು ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ಬೆಳಿಗ್ಗೆ ಗಂಜಿ ಹಚ್ಚಿ ಉದ್ದಕ್ಕೆ ಚಾಚಿದ್ದ ನೂಲಿನ ಹಾಸುಗಳನ್ನೆಲ್ಲ ಜನ ಆಗಲೇ ಸುತ್ತಿ ಒಳಗೆ ಒಯ್ದಿದ್ದರು. ಖಾಲಿ ಗೂಟಗಳ ನಡುವೆ ಧೂಳು ಒಂದೇ ಓಡಾಡುತ್ತಿತ್ತು.

ನವನೀತಾ ತನ್ನ ಮನೆಯ ಬಾಗಿಲಿಗೆ ಆತು ನಿಂತು ನೋಡುತ್ತಿದ್ದಳು. ಅವಳು ಏನನ್ನು ನೋಡಿದರೂ ಹಾಗೆಯೇ, ಅರ್ಧ ಬಾಗಿಲ ಹಿಂದಿನಿಂದ. ಏಳನೆಯ ತರಗತಿಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವಳಿಗೆ ಹೊರಗಿನವರು ಮಾತಾಡಿಸಿದರೆ ಉತ್ತರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಓಣಿಯವರು ಅವಳನ್ನು ಮೂಗಿ ಎಂದು ಕಾಡಿಸಿ ಕಾಡಿಸಿ ಬಿಟ್ಟುಬಿಟ್ಟಿದ್ದರು.

ಅದು ಕಣ್ಣು ತಪಾಸಣೆಯ ವ್ಯಾನು, ಓಣಿಯವರ ಬಾಯಲ್ಲಿ ಕಣ್ಣಿನ ಬಂಡಿ. ದೂರದ ಒಂದು ಆಸ್ಪತ್ರೆ ಕಳಿಸಿದ್ದು. ಹಿಂದಿನ ಅರ್ಧ ತಪಾಸಣೆಯ ಕೋಣೆ, ಮುಂದಿನ ಅರ್ಧ ಅದನ್ನು ಓಡಿಸುವ ಭೀಮಶಂಕರನ ಮನೆ: ಮಡಿಸುವ ಮಂಚ, ಸಣ್ಣ ಗ್ಯಾಸಿನ ಒಲೆ, ತಂತಿಗೆ ಬಿಗಿದ ಕನ್ನಡಿ, ಕಿಟಕಿಯಲ್ಲಿ ಡಬ್ಬಿಯೊಳಗೆ ಬೆಳೆಸಿದ ಪುದೀನ. ಊರಿಂದೂರಿಗೆ ಅವನ ಸಂಸಾರ ಅದರಲ್ಲೇ. ಒಳಗಿನ ಯಂತ್ರದ ಮುಂದೆ ಗದ್ದ ಊರಿ ಕೂತರೆ ಕಣ್ಣಿನ ಒಳಗಿನ ಚಿತ್ರ ತೆಗೆಯುತ್ತದೆ; ನೆತ್ತಿಯ ಮೇಲಿನ ಛತ್ರಿ ಅದನ್ನು ಆಕಾಶಕ್ಕೆ ಕಳಿಸುತ್ತದೆ; ಆಕಾಶದಿಂದ ಅದು ಡಾಕ್ಟರರ ಕೋಣೆಗೆ ಇಳಿದು, ಅವರು ಅಲ್ಲಿ ಕೂತೇ ನೋಡಿ ಇಲ್ಲಿ ಮಾತಾಡುತ್ತಾರೆ. ಯಂತ್ರ ನಡೆಸುವ ಪ್ರಶಾಂತಿ ಬೆಳಿಗ್ಗೆ ಇದನ್ನು ಹೇಳಿದಾಗ ಓಣಿಯ ಹೆಂಗಸರು ನಕ್ಕಿದ್ದರು. ನವನೀತಾ ನಕ್ಕಿರಲಿಲ್ಲ. ಅವಳು ತಲೆಯೆತ್ತಿ ಆಕಾಶವನ್ನು ನೋಡಿದ್ದಳು.

ಗಾಳಿ ಎದ್ದಾಗ ಯಂತ್ರದ ಮುಂದೆ ಗದ್ದ ಊರಿ ಕೂತಿದ್ದವನು ಅವಳ ಅಪ್ಪ ಶ್ರೀರಾಮುಲು. ಅವನಿಗೆ ಸಕ್ಕರೆ ಕಾಯಿಲೆ. ಒಂದು ಕಣ್ಣು ಕಳೆದ ವರ್ಷವೇ ಮಸುಕಾಗಿತ್ತು, ಈಗ ಇನ್ನೊಂದು. ಅವನು ಯಾರಿಗೂ ಹೇಳಿರಲಿಲ್ಲ. ಎಳೆ ತಪ್ಪದ ಕೈ ಎಂದು ಪೇಟೆಯಲ್ಲಿ ಹೆಸರಾದವನು ಹೇಳುವುದಾದರೂ ಹೇಗೆ? ಮಗಳಿಗೆ ಮಾತ್ರ ಗೊತ್ತಿತ್ತು. ಅವನು ಚಹಾಕ್ಕೆ ಹೋದಾಗ ಅವಳು ಮಗ್ಗದ ಗುಂಡಿಗೆ ಇಳಿದು, ಅವನಿಗೆ ಕಾಣದೆ ತುಂಡಾಗಿದ್ದ ಎಳೆಗಳನ್ನು ಹುಡುಕಿ ಗಂಟು ಹಾಕಿ ಎದ್ದು ಬರುತ್ತಿದ್ದಳು. ಅದರ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಆಗಿರಲಿಲ್ಲ.

"ಊರೂರು ಅಲದು ಕಣ್ಣು ತೋರಿಸೋ ಮನಿಷ್ಯಾ ನಾನಲ್ಲ," ಎಂದಿದ್ದ ಅವನು. "ಬಂಡಿ ಮನಿ ಮುಂದ ಬಂದೈತಿ ಅಂತ ಕುಂದರ್ತೀನಿ. ಒಂದ ಸಲ."

ಮೇಲೆ ಟಣ್ ಎಂದು ಸದ್ದಾಯಿತು. ಭೀಮಶಂಕರ ಛತ್ರಿಯನ್ನು ಮಗುವಿನಂತೆ ಮಕಾಡೆ ಮಲಗಿಸಿ, ಪಟ್ಟಿ ಬಿಗಿದು ಇಳಿದು ಬಂದ. ಅಂಗೈಯಲ್ಲಿ ಮುರಿದ ಬೋಲ್ಟು ಇತ್ತು.

"ಇಲ್ಲೇ ಮದ್ದೂರಿನ ದಾರ್ಯಾಗ ಬೇವಿನ ಟೊಂಗಿ ಬಡೀತಲ್ರೀ, ಆವಾಗ ಸೀಳಿತ್ತು ಕಾಣ್ತದ. ಈಗ ಗಾಳಿ ಕೆಲಸ ಮುಗಿಸ್ತು."

ಶ್ರೀರಾಮುಲು ಮೆಟ್ಟಿಲು ತಡವಿ ಇಳಿದ. "ನೋಡಿದ್ರೇನು? ನನ್ನ ಕಣ್ಣು ನೋಡಾಕ ಆಕಾಶಕ್ಕೂ ಮನಸಿಲ್ಲ."

"ಹಂಗನಬ್ಯಾಡ್ರಿ ಕಾಕಾ," ಎಂದು ಪ್ರಶಾಂತಿ ಹಿಂದೆಯೇ ಬಂದಳು. "ನಾಳೆ ಗದ್ವಾಲದಾಗ ಡಾಕ್ಟರು ಮತ್ತ ಪರದಿ ಮ್ಯಾಲ ಬರ್ತಾರ. ಅಲ್ಲಿಗೆ ಬರ್ರಿ. ಆಮ್ಯಾಲ ಬಂಡಿ ಈ ಕಡಿ ತಿರಗೂದು ಮಳಿಗಾಲ ಮುಗದ ಮ್ಯಾಲ."

"ಮಳಿಗಾಲ ಮುಗೀಲಿ."

"ಕಾಯೂದು ಬ್ಯಾಡ್ರಿ." ಅವಳು ಅಷ್ಟು ಹೇಳಿ ನಿಲ್ಲಿಸಿದಳು. "ಇದಕ್ಕಿಂತ ಹೆಚ್ಚಿಗಿ ನಾ ಹೇಳಂಗಿಲ್ಲ. ಡಾಕ್ಟರ ಹೇಳ್ಬೇಕು."

ಹಾಗೆ ಹೇಳುವಾಗ ಅವಳು ಅಪ್ಪನ ಮುಖ ನೋಡಲಿಲ್ಲ ಎಂಬುದನ್ನು ನವನೀತಾ ನೋಡಿದಳು. ಬಂಡಿಯೊಳಗೆ ಚಿತ್ರವಿದ್ದ ಪರದೆಯನ್ನು ಅವಳು ಲಗುಬಗೆಯಿಂದ ಆರಿಸಿದ್ದನ್ನೂ ನೋಡಿದ್ದಳು.

ಶ್ರೀರಾಮುಲು ಮಗ್ಗದ ಕಡೆಗೆ ತಿರುಗಿದ. ನವನೀತಾ ಒಳಗೆ ಹೋದಳು. ಹೊರಬರುವಾಗ ಅವಳ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಬಾಗಿಲಲ್ಲಿದ್ದ ಅಪ್ಪನ ಚಪ್ಪಲಿಗಳನ್ನು ಕೈಯಲ್ಲಿ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ನೇರ ಬಂಡಿ ಹತ್ತಿ ಮಂಚದ ತುದಿಯಲ್ಲಿ ಕೂತುಬಿಟ್ಟಳು.

"ಏಯ್! ನನ್ನ ಕೆರ ಎಲ್ಲವ?" ಎಂದು ಶ್ರೀರಾಮುಲು ಕಾಲಲ್ಲಿ ನೆಲ ತಡವಿದ.

"ಗದ್ವಾಲಕ್ಕ ಹೊಂಟಾವ ನೋಡ್ರಿ," ಎಂದ ಭೀಮಶಂಕರ. "ಬೇಕಂದ್ರ ನೀವೂ ಬರ್ರಿ."

ಓಣಿಯೇ ನಕ್ಕಿತು. ಅಷ್ಟು ಜನರ ಮುಂದೆ ಬರಿಗಾಲಲ್ಲಿ ಕಾದ ನೆಲದ ಮೇಲೆ ನಿಂತವನು ಗೊಣಗುತ್ತ ಬಂಡಿ ಹತ್ತಿದ. "ಗದ್ವಾಲದ ಅಕ್ಕನ್ನ ನೋಡಿ ಭಾಳ ದಿನ ಆತು. ಅದಕ್ಕ ಬರಾಕತ್ತೀನಿ, ತಿಳೀತೇನು?" ಎಂದು ಯಾರಿಗೋ ಹೇಳಿದ.

ಮಕ್ತಲದಲ್ಲಿ ವೆಲ್ಡಿಂಗ್ ಅಂಗಡಿಯ ಮುಂದೆ ಬಂಡಿ ನಿಂತಿತು. ಛತ್ರಿಯ ಬುಡಕ್ಕೆ ಕಬ್ಬಿಣದ ಪಟ್ಟಿ ಕೂಡಿಸಿ ಬೆಸುಗೆ ಹಾಕಿಸುವಷ್ಟು ಹೊತ್ತು ಭೀಮಶಂಕರ ಪಕ್ಕದಿಂದ ಕದಲಲಿಲ್ಲ. ಮುಂದಕ್ಕೆ ಚಾಚಿದ ಅದರ ಕೊಂಬನ್ನು, ಕೊಂಬಿನ ತುದಿಯ ಸಣ್ಣ ಮೂಗನ್ನು ಒದ್ದೆ ಬಟ್ಟೆಯಿಂದ ಮುಚ್ಚಿ ಹಿಡಿದಿದ್ದ. ಮಲಗಿಸುವಾಗ ಲೋಹಕ್ಕೆ ಲೋಹ ತಾಗಬಾರದೆಂದು ಹಳೆಯ ಸ್ಕೂಟರ್ ಟ್ಯೂಬನ್ನು ಕತ್ತರಿಸಿ ಅಡಿಯಲ್ಲಿ ಹಾಸಿದ.

"ಇದರ ಮುಖ ಉಗುರಿನಷ್ಟು ತಿರುಗಿದ್ರೂ ಮುಗೀತು," ಎಂದು ಅವನು ಕಿಟಕಿಯಲ್ಲಿ ಕೂತಿದ್ದ ನವನೀತಾಳಿಗೆ ಹೇಳಿದ. "ಇಲ್ಲಿ ಉಗುರಿನಷ್ಟು ಅಂದ್ರ ಮ್ಯಾಲ ಎಷ್ಟೋ ಊರು ದಾಟಿ ಹೋಗಿರ್ತದ. ಅಲ್ಲಿರೋ ಉಪಗ್ರಹ ಅಂದ್ರ ಒಂದ ಚುಕ್ಕಿ. ಅದನ್ನ ಕಣ್ಣಾಗ ಕಣ್ಣಿಟ್ಟು ನೋಡಬೇಕು ಇದು."

ಅವಳಿಗೆ ಕೇಳಬೇಕೆನಿಸಿತು: ಆ ಚುಕ್ಕೆಯೂ ಇದನ್ನು ನೋಡುತ್ತದೆಯೇ? ಕೇಳಲಿಲ್ಲ.

ಮೇಲೆ ನೀಲಿ ತಾಡಪತ್ರಿ ಹೊದಿಸಿ ಹಗ್ಗ ಬಿಗಿದು ಹೊರಟರು. ಜುರಾಲದ ಅಣೆಕಟ್ಟಿನ ಮೇಲೆ ಬಂಡಿ ಏರಿದಾಗ ಗಾಳಿ ಕೃಷ್ಣೆಯ ನೀರನ್ನೆಲ್ಲ ಒಂದು ಕಡೆಗೆ ನೂಕುತ್ತಿತ್ತು. ಒಂದು ಬದಿಗೆ ಕಣ್ಣು ಹಾಯುವವರೆಗೆ ನೀರು, ಇನ್ನೊಂದು ಬದಿಗೆ ಆಳದಲ್ಲಿ ಕರಿ ಬಂಡೆಗಳು. ಭೀಮಶಂಕರ ವೇಗ ಇಳಿಸಿದ. "ಮ್ಯಾಲ ಟಕಟಕ ಅಂದ್ರ ಹೇಳ್ರಿ," ಎಂದ.

ನವನೀತಾ ಎದ್ದು ನಿಂತು ಅಂಗೈಯನ್ನು ಬಂಡಿಯ ಚಾವಣಿಗೆ ಒತ್ತಿದಳು. ತಗಡಿನ ಆಚೆ ಛತ್ರಿ ನಡುಗುತ್ತಿತ್ತು. ಕೋಳಿಮರಿಯನ್ನು ಮುಷ್ಟಿಯಲ್ಲಿ ಹಿಡಿದಾಗ ಆಗುವಂಥ ನಡುಕ. ಆಕಾಶದ ಜೊತೆ ಮಾತಾಡುವಂಥದ್ದು ಇಷ್ಟು ಹೆದರುತ್ತದೆಯೇ ಎಂದು ಅವಳು ಇನ್ನೊಂದು ಅಂಗೈಯನ್ನೂ ಮೇಲೆ ಒತ್ತಿದಳು. ಅಷ್ಟರಲ್ಲಿ ಛಟೀರ್ ಎಂದು ಬಡಿತ, ಮತ್ತೆ ಬಡಿತ. ತಾಡಪತ್ರಿ ಹಗ್ಗ ಹರಿದುಕೊಂಡು ಮೇಲೆದ್ದಿತು. ಅದು ಗಾಳಿಯಲ್ಲಿ ಒಮ್ಮೆ ಪೂರ್ತಿ ತೆರೆದುಕೊಂಡು, ನೀಲಿ ಹಕ್ಕಿಯಂತೆ ಹೊಯ್ದಾಡಿ, ಕೆಳಗೆ, ಬಹಳ ಕೆಳಗೆ, ಬಂಡೆಗಳ ನಡುವಿನ ನೀರಿಗೆ ಬಿತ್ತು.

ಅಣೆಕಟ್ಟು ದಾಟಿದ ಮೇಲೆ ನವನೀತಾ ಹೇಳಿದಳು: "ಹೊದ್ದಿಕಿ ಅಲ್ಲ. ಅದಕ್ಕ ಅಳತಿ ಅಂಗಿ ಬೇಕು. ಸಡಲ ಇದ್ರ ಗಾಳಿ ಹಿಡೀತದ."

ಭೀಮಶಂಕರ ಕನ್ನಡಿಯಲ್ಲಿ ಅವಳನ್ನು ನೋಡಿದ. "ಯವ್ವಾ! ಮಾತೂ ಬರ್ತದೇನು ನಿನಗ? ನಾರಾಣಪೇಟಿಂದ ನಾನೊಬ್ಬನ ವಟವಟ ಅಂತ ಬಂದ್ನೆಲ್ಲ!"

ಗದ್ವಾಲ ಮುಟ್ಟಿದಾಗ ಹೊತ್ತಿನ್ನೂ ಇತ್ತು. ಶ್ರೀರಾಮುಲುವಿನ ಅಕ್ಕ ಬುಗ್ಗಮ್ಮ ಮನೆಯ ಮುಂದಿನ ಬಯಲಲ್ಲೇ ಬಂಡಿ ನಿಲ್ಲಿಸಿಕೊಂಡಳು. ಅವಳೂ ಮಗ್ಗದ ಹೆಂಗಸು, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿಸಿ ಕೂಡಿಸಿ ಬೆರಳ ತುದಿಗಳು ನುಣುಪಾಗಿದ್ದವು. ತಮ್ಮನನ್ನು ನೋಡಿದವಳೇ, "ಕಣ್ಣು ಹೋದ ಮ್ಯಾಲ ಅಕ್ಕನ ಮನಿ ದಾರಿ ಕಾಣ್ತೇನೋ?" ಎಂದಳು.

"ನಿನ್ನ ಬಾಯಿ ಕೇಳಿಸ್ತು, ಆ ಕಡೆ ಬಂದೆ," ಎಂದ ಶ್ರೀರಾಮುಲು. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದ.

ನವನೀತಾ ಏಣಿ ಹತ್ತಲಿಲ್ಲ. ನೆಲದಲ್ಲೇ ನಿಂತು ಭೀಮಶಂಕರನಿಗೆ ದಾರ ಕೊಟ್ಟು, ಎಲ್ಲೆಲ್ಲಿ ಹಿಡಿಯಬೇಕೆಂದು ಬೆರಳು ತೋರಿಸಿ ಛತ್ರಿಯ ಅಳತೆ ತೆಗೆಸಿಕೊಂಡಳು: ಅಡ್ಡ, ಉದ್ದ, ಹೊಟ್ಟೆಯ ಉಬ್ಬು, ಕೊಂಬು ಹೊರಬರುವ ಜಾಗ. ಬುಗ್ಗಮ್ಮ ಒತ್ತಾಗಿ ನೇಯ್ದ ಬಿಳಿ ಹತ್ತಿ ಬಟ್ಟೆ ಕೊಟ್ಟಳು. ಅಂಗಳದಲ್ಲಿ ಬೆಳಕಿರುವಾಗಲೇ ಇಬ್ಬರೂ ಕೂತು ಹೊಲಿದರು. ಅಂಚಿನ ಸುತ್ತ ಹಗ್ಗ ತೂರಿಸಲು ದಾರಿ ಬಿಟ್ಟು, ಹಗ್ಗದ ತುದಿಗಳನ್ನು ಬಂಡಿಯ ನಾಲ್ಕೂ ಮೂಲೆಯ ಕಂಬಿಗೆ ಬಿಗಿಯುವಂತೆ ಮಾಡಿದರು. ಅಂಗಿಯೇ ಛತ್ರಿಯನ್ನು ಹಿಡಿದುಕೊಳ್ಳಬೇಕು, ಅಂಥ ಅಳತೆ.

"ಛತ್ರಿ ಎದ್ದು ನಿಂತಾಗಲೂ ತೊಡಿಸೇ ಇಡಬಹುದು," ಎಂದ ಭೀಮಶಂಕರ. "ಬಟ್ಟಿ ಒಳಗಿಂದ ಸಿಗ್ನಲ್ ಆರಾಮ ಹೋಗ್ತದ. ಬೆಸುಗಿ ಹೊಸಾದು, ಗಾಳಿಗೆ ಇದರ ಆಸರ ಬೇಕು."

ಮುಗಿದ ಅಂಗಿಯನ್ನು ಮಡಿಲಲ್ಲಿ ಹರಡಿಕೊಂಡು ಬುಗ್ಗಮ್ಮ ಅದರ ಅಂಚು ಸವರಿದಳು. ಆಮೇಲೆ ಅಡ್ಡಡ್ಡ ತಲೆಯಾಡಿಸಿದಳು.

"ದಡಿ ಇಲ್ಲ. ದಡಿ ಇಲ್ಲದ ಬಿಳೇ ಬಟ್ಟಿ ಯಾರಿಗೆ ಹೊದಿಸ್ತಾರ, ಗೊತ್ತೈತಿಲ್ಲೋ? ನನ್ನ ತಮ್ಮನ ಕಣ್ಣು ಹೊತ್ತು ಮ್ಯಾಲ ಹೋಗೂದಕ್ಕ ಹೆಣದ ಬಟ್ಟಿ ತೊಡಸ್ಲೇನು?"

"ಇರಲಿ ಬಿಡತ್ತಿ," ಎಂದಳು ನವನೀತಾ, ತನಗೇ ಕೇಳಿಸದಂತೆ.

ಬುಗ್ಗಮ್ಮ ಒಳಗೆ ಹೋಗಿ ಹಳೆಯ ಸೀರೆಯ ಸೆರಗೊಂದನ್ನು ತಂದಳು. ಒಡಲು ಎಂದೋ ಜೀರ್ಣವಾಗಿ ಹೋಗಿ, ಜರಿಯ ಸೆರಗು ಮಾತ್ರ ಉಳಿದಿತ್ತು. ಬಿಡಿಸಿದೊಡನೆ ಸಂಜೆಯ ಬಿಸಿಲು ಅದರ ಮೇಲೆ ಬಿದ್ದು ಇಡೀ ಅಂಗಳದ ಗೋಡೆಗೆ ಬೆಳಕು ಎರಚಿತು. ಪ್ರಶಾಂತಿ ಬಾಯಿ ತೆರೆದು ನಿಂತಳು. ಬುಗ್ಗಮ್ಮ ಅದನ್ನು ಅಂಗಿಯ ಎದೆಗೆ, ಛತ್ರಿಯ ಮುಖ ಬರುವಲ್ಲಿಗೆ ಇಟ್ಟು, "ಇಲ್ಲಿ," ಎಂದಳು. ನವನೀತಾ ಎಳೆದರೆ ಬಿಡುವ ಸರಪಳಿ ಹೊಲಿಗೆ ಹಾಕಿ ಕೂಡಿಸಿದಳು. ಉಳಿದ ಒಂದು ಪಟ್ಟಿಯನ್ನು ಬುಗ್ಗಮ್ಮ ಬಂಡಿಯ ಮೆಟ್ಟಿಲ ಕಂಬಿಗೆ ಕಟ್ಟಿದಳು, ಬಾಗಿಲಿಗೆ ತೋರಣ ಕಟ್ಟುವಂತೆ.

ಬೆಳಿಗ್ಗೆ ಗಾಳಿ ನಿನ್ನೆಗಿಂತ ಜೋರಾಗಿತ್ತು. ಛತ್ರಿ ಎದ್ದು ನಿಂತಿತು. ಅಂಗಿ ಮೈಗಂಟಿ, ಹಗ್ಗಗಳು ನಾಲ್ಕು ಕಡೆ ಬಿಗಿದು, ಒಂದು ಚೂರೂ ಅಲುಗಲಿಲ್ಲ. ಜರಿಯ ಎದೆ ದಕ್ಷಿಣದ ಆಕಾಶಕ್ಕೆ ಝಗಝಗಿಸಿತು. ಬಯಲಿನ ತುಂಬ ಜನ ಸೇರಿದರು. ಒಬ್ಬ ಮುದುಕಿ ಕೈ ಕೂಡ ಮುಗಿದಳು.

ಆದರೆ ಪರದೆಯ ಮೇಲೆ ಏನೂ ಬರಲಿಲ್ಲ.

ಪ್ರಶಾಂತಿ ತಂತಿ ಬಿಚ್ಚಿ ಮತ್ತೆ ಹಾಕಿದಳು. ಭೀಮಶಂಕರ ಛತ್ರಿಯನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸಿದ. "ಏನಾತ್ರೀ?" "ಏನೂ ಇಲ್ರೀ!" "ಈಗ?" "ಇಲ್ರೀ!" ಹೊತ್ತು ಏರಿತು. ಡಾಕ್ಟರು ಮಧ್ಯಾಹ್ನದ ತನಕ ಮಾತ್ರ ಇರುತ್ತಾರೆಂದು ಪ್ರಶಾಂತಿ ಹೇಳಿದಳು. ಯಂತ್ರದ ಮುಂದೆ ಗದ್ದ ಊರಿ ಕೂತಿದ್ದ ಶ್ರೀರಾಮುಲು ಕೊನೆಗೆ ಗದ್ದ ತೆಗೆದ.

"ಸಾಕು ಬಿಡವ್ವ. ಎರಡು ಊರಾದ್ವು."

ಅವನು ಎದ್ದು ಮೆಟ್ಟಿಲ ಕಡೆ ಬಂದ. ನವನೀತಾ ಅವನ ಕಾಲುಗಳನ್ನೇ ನೋಡುತ್ತಿದ್ದಳು: ಒಂದು ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿತ್ತು. ಇದೇ ಕೊನೆ, ಇನ್ನು ಅಪ್ಪ ಎಲ್ಲಿಗೂ ಬರುವುದಿಲ್ಲ ಎಂದು ಅವಳಿಗೆ ತಿಳಿಯಿತು. ಬೀಳದಿರಲು ಅವನು ಕಂಬಿ ಹಿಡಿದ. ಅಲ್ಲಿ ಕಟ್ಟಿದ್ದ ಪಟ್ಟಿ ಕೈಗೆ ಸಿಕ್ಕಿತು. ಬೆರಳುಗಳು ನಿಂತವು. ಹೆಬ್ಬೆರಳು ಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಯಿತು.

"ಅಕ್ಕಾ, ಇದು ಅವ್ವನ ಸೆರಗಲ್ಲೇನ?"

"ಹೌದೋ. ಮ್ಯಾಲ ಛತ್ರಿಗೂ ಅದನ್ನ ಹಾಕೀವಿ."

"ಇಂಥಾ ಬೆಳ್ಳಿ ಎಲ್ಲಿ ಸಿಗ್ತದ ಈಗ," ಎಂದು ಅವನು ತನ್ನಷ್ಟಕ್ಕೆ ಅಂದ. "ತಂತಿ ಎಷ್ಟು ಸಣ್ಣಗ ಎಳದಾರ ನೋಡು."

ನೆತ್ತಿಯ ಮೇಲಿಂದ ಭೀಮಶಂಕರ ಬಗ್ಗಿದ. "ಏನಂದ್ರೀ? ತಂತೀನಾ? ಬೆಳ್ಳೀದಾ? ನಾ ಪ್ಲಾಸ್ಟಿಕ್ ಜರಿ ಅಂತ ಸುಮ್ಮನಿದ್ದೆ!" ಅವನು ಹಣೆ ಬಡಿದುಕೊಂಡ. "ಛತ್ರಿ ಮುಖಕ್ಕ ತಗಡು ಮುಚ್ಚಿ ಕುಂತೀವಲ್ರೋ! ಹೆಂಗ ಹೋಗ್ತದ ಸಿಗ್ನಲ್?"

ಬುಗ್ಗಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ಯಯ್ಯೋ ನನ್ನಪ್ಪಾ, ತಮ್ಮನ ಕಣ್ಣಿಗೆ ನಾನ ಪರದಿ ಕಟ್ಟಿದೆನ?"

"ಅಂಗಿ ಬಿಚ್ಚಂಗಿಲ್ಲ, ಬಿಚ್ಚಿದ್ರ ಗಾಳಿ ಬೆಸುಗಿ ಮುರೀತದ. ಸೆರಗೊಂದ ಕೀಳಬೇಕು. ನಾ ಬುಡ ಹಿಡ್ಕೋತೀನಿ. ಹಗುರ ಇದ್ದವ್ರು ಒಬ್ರು ಮ್ಯಾಲ ಬರ್ರಿ. ಹೊಲಿಗಿ ಎಲ್ಲಿ ಸುರು ಆಗೈತಿ ಯಾರಿಗೆ ಗೊತ್ತು?"

ಎಲ್ಲರೂ ನವನೀತಾಳ ಕಡೆ ತಿರುಗಿದರು. ಬಯಲಿನ ಅಷ್ಟೂ ಮುಖಗಳು. ಒಂದು ಗಳಿಗೆ ಅವಳು ಬಂಡಿಯ ನೆರಳಿಗೆ ಸರಿದಳು. ಅಪ್ಪ ಇನ್ನೂ ಮೆಟ್ಟಿಲ ಮೇಲೆ, ಒಂದು ಕಾಲು ಕೆಳಗೆ ಒಂದು ಕಾಲು ಮೇಲೆ ನಿಂತಿದ್ದ. ಅವಳು ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದಳು.

ಮೇಲೆ ಗಾಳಿ ಅವಳನ್ನು ಎದೆಯಲ್ಲಿ ಹಿಡಿದು ನೂಕಿತು. ಮಂಡಿಯೂರಿ ತೆವಳಿ ಹೋಗಿ ಹೊಲಿಗೆಯ ತುದಿ ಹುಡುಕಿದಳು. ಸಿಕ್ಕಿತು. ಎಳೆದಳು. ದಾರ ಸರಸರನೆ ಬಿಚ್ಚಿಕೊಂಡು ಬಂತು, ಒಂದು ಬದಿ, ಎರಡನೆಯ ಬದಿ. ಸಡಿಲವಾದ ಸೆರಗು ಎದ್ದು ಅವಳ ಮುಖಕ್ಕೆ ಬಡಿಯಿತು. ಕಣ್ಣ ಮುಂದೆ ಬರೀ ಬೆಳಕು. ಅವಳು ಅದನ್ನು ಬಾಚಿ ಎದೆಗೆ ಒತ್ತಿಕೊಂಡು ಕೊನೆಯ ಬದಿಯನ್ನು ಎಳೆದಳು.

"ಬಂತು!" ಕೆಳಗೆ ಪ್ರಶಾಂತಿ ಕಿರುಚಿದಳು. "ಬಂತ್ರೀ! ಕಾಕಾ, ಬರ್ರಿ, ಕುಂದರ್ರಿ!"

ನವನೀತಾ ಏಳಲಿಲ್ಲ. ಮೊದಲ ಸಲ ಅವಳು ಎಲ್ಲರಿಗಿಂತ ಎತ್ತರದಲ್ಲಿದ್ದಳು. ಕೋಟೆಯ ಗೋಡೆ, ಮಾಳಿಗೆಗಳ ಮೇಲೆ ಒಣಹಾಕಿದ ನೂಲು, ಅದರಾಚೆ ಮಣ್ಣಿನ ಬಣ್ಣದ ಬಯಲು. ಛತ್ರಿ ನೋಡುತ್ತಿದ್ದ ಕಡೆಗೆ ಅವಳೂ ತಲೆಯೆತ್ತಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಒಂದು ಮೋಡವೂ ಇಲ್ಲದ ನೀಲಿ. ಆ ನೀಲಿಯೊಳಗೆ ಎಲ್ಲೋ ಈಗ ಅಪ್ಪನ ಕಣ್ಣಿತ್ತು.

ಅವಳು ಇಳಿದು ಬಂದಾಗ ಬಂಡಿಯೊಳಗೆ ಎಲ್ಲರೂ ಮುಂದಕ್ಕೆ ಬಗ್ಗಿ ನೋಡುತ್ತಿದ್ದರು. ಪರದೆಯ ತುಂಬ ಒಂದು ಕೆಂಪು ಹಳದಿಯ ಚಂದ್ರ. ಅದರ ಒಂದು ಬದಿಯಲ್ಲಿ ಹೊಳೆಯುವ ಬಿಲ್ಲೆ. ಬಿಲ್ಲೆಯಿಂದ ಹೊರಟ ಕೆಂಪು ಎಳೆಗಳು ಕವಲೊಡೆದು, ಸಣ್ಣಗಾಗಿ, ಇನ್ನೂ ಸಣ್ಣಗಾಗಿ ಎಲ್ಲ ಕಡೆಗೂ ಹೋಗಿದ್ದವು. ಮೂಲೆಯಲ್ಲಿ ಪುಟ್ಟದಾಗಿ ಡಾಕ್ಟರಮ್ಮನ ಮುಖ. ಅವರು ಮಾತಾಡುತ್ತಿದ್ದಂತೆ ಒಂದು ಬಿಳಿ ಉಂಗುರ ತಾನಾಗಿ ಮೂಡಿ ಚಂದ್ರನ ಮೇಲೆ ಸರಿಯಿತು, ಒಂದು ಕಡೆ ನಿಂತಿತು. ಅಷ್ಟು ದೂರದಿಂದ ಬಂದ ಬೆರಳು. ಕಣ್ಣಿನೊಳಗೆ ರಕ್ತ ಸೋರುತ್ತಿದೆ, ನಡುಮಧ್ಯಕ್ಕೆ ಇನ್ನೂ ಮುಟ್ಟಿಲ್ಲ, ಈ ವಾರವೇ ಆಸ್ಪತ್ರೆಗೆ ಬಂದರೆ ಲೇಸರ್ ಎಂಬ ಬೆಳಕಿನ ಸೂಜಿಯಿಂದ ನಿಲ್ಲಿಸಬಹುದು, ಮಳೆಗಾಲದ ತನಕ ಕಾದರೆ ಆಗುವುದಿಲ್ಲ ಎಂದರು ಅವರು ತೆಲುಗಿನಲ್ಲಿ, ಅವಸರವಿಲ್ಲದೆ.

ಶ್ರೀರಾಮುಲು ಪರದೆಯ ಕಡೆ ಮುಖ ಮಾಡಿದ್ದ. ಅವನಿಗೆ ಅದು ಬರೀ ಕೆಂಪು ಮಸುಕು.

"ನವನೀ," ಎಂದ. "ಹೆಂಗ ಐತಿ ಒಳಗ?"

ಎಲ್ಲರೂ ಕೇಳುತ್ತಿದ್ದರು. ಆದರೂ ಅವಳು ಹೇಳಿದಳು. "ಹಾಸು ಹಾಕಿದಂಗ ಐತೆಪ್ಪ. ಕೆಂಪು ಎಳಿ. ಎಷ್ಟು ಸಣ್ಣ ಎಳಿ ಅಂದ್ರ, ಅಂಥಾ ನೂಲು ನಾ ನೋಡಿಲ್ಲ. ಭಾಳ ಚಂದ ಐತಿ."

"ತುಂಡಾಗ್ಯಾವೇನು?"

"ಅಲ್ಲಲ್ಲಿ. ಚುಕ್ಕಿ ಚುಕ್ಕಿ ರಕ್ತ ಐತಿ. ಉಳದದ್ದು ಇನ್ನಾ ಓಡಾಕತ್ತೈತಿ."

ಅವನು ಕೈ ಚಾಚಿದ. ಅವಳ ಕೈ ಸಿಕ್ಕಿತು.

"ನೀ ಹಾಕಿದ ಗಂಟು ನನ್ನ ಬೆರಳಿಗೆ ಸಿಗತಿದ್ವು," ಎಂದ. "ಛಲೋ ಹಾಕ್ತಿ. ಸೀರಿ ಉಟ್ಟವರಿಗೆ ಗೊತ್ತಾಗೂದಿಲ್ಲ." ಹೊರಗೆ ತಿರುಗಿ ಗಂಟಲೆತ್ತಿದ: "ಅಕ್ಕಾ, ನಾಳಿ ಬಸ್ಸಿಗೆ ಬುತ್ತಿ ಕಟ್ಟು. ಇಬ್ಬರಿಗೆ."

ಸಂಜೆ ಬಂಡಿ ಮುಂದಿನ ಊರು ಮಲ್ದಕಲ್ಲಿಗೆ ಹೊರಟಿತು. ಹೊರಡುವ ಮುಂಚೆ ಬುಗ್ಗಮ್ಮ ಅಂಗಿಯನ್ನು ಬಿಚ್ಚಿಸಿಕೊಂಡು ಸುತ್ತಲೂ ಕೆಂಪು ಹತ್ತಿ ನೂಲಿನ ಒಂದು ಗೆರೆ ಓಡಿಸಿದ್ದಳು. "ಇದರಾಗ ಬೆಳ್ಳಿ ಇಲ್ಲಪ್ಪ, ಬೇಕಂದ್ರ ಕಚ್ಚಿ ನೋಡು," ಎಂದು ಭೀಮಶಂಕರನ ಕೈಗೆ ಕೊಟ್ಟಿದ್ದಳು. ಅವನು ಛತ್ರಿಯನ್ನು ಮಕಾಡೆ ಮಲಗಿಸಿ, ಅಂಗಿ ತೊಡಿಸಿ, ಮಗ್ಗುಲಲ್ಲಿ ಎರಡು ಸಲ ತಟ್ಟಿ ಇಳಿದ.

ಬಯಲಿನ ತುದಿಯಲ್ಲಿ ಅಪ್ಪ ಮಗಳು ನಿಂತಿದ್ದರು. ಗಾಳಿ ಇನ್ನೂ ಇತ್ತು. ಶ್ರೀರಾಮುಲು ಸದ್ದಿನ ಕಡೆ ಕಿವಿ ಕೊಟ್ಟಿದ್ದ.

"ಬಟ್ಟಿ ಬಡಿತೈತೇನು?"

"ಇಲ್ಲಪ್ಪ."

ಬಂಡಿ ಸಣ್ಣದಾಯಿತು. ಬಿಳಿ ಬಟ್ಟೆ ಧೂಳಿನ ಬಿಳುಪಿನಲ್ಲಿ ಕರಗಿತು. ಕೆಂಪು ಗೆರೆಯೊಂದು ಮಾತ್ರ ರಸ್ತೆಯ ಏರಿನಲ್ಲಿ ಏರಿ, ಇಳಿವಿನಲ್ಲಿ ಇಳಿದು, ಮತ್ತೆ ಏರಿ, ಇನ್ನೂ ಕಾಣುತ್ತಿತ್ತು.